ತೋಂಟದಾರ್ಯನ ತಣ್ಣಗಾದ ಕಾಲು

ಕೊರೋನಾ ಜ್ವರ ಇಳಿದು ಬಾಯಿಗೆ ಮುದ್ದೆಯ ರುಚಿ ಮರಳಿತೆಂದು ಬಿಳಿಗೆರೆಯ ಕೊಬ್ಬರಿ ವ್ಯಾಪಾರಿ ತೋಂಟದಾರ್ಯ ಹಿಗ್ಗಿದ್ದ ಬೆಳಿಗ್ಗೆಯೇ ಅವನ ಎಡಗಾಲು ಕೈಕೊಟ್ಟಿತು. ಮಂಡಿಯಿಂದ ಕೆಳಗೆ ಫ್ರಿಜ್ಜಿನಲ್ಲಿಟ್ಟ ಸೌತೆಕಾಯಿಯಂತೆ ತಣ್ಣಗಾಗಿತ್ತು. ನೋವು ಮಾತ್ರ ಕೆಂಡ.

ಅಯ್ಯೋ ಎಂದು ಅರಚಿದ್ದೇ ತಪ್ಪಾಯಿತು. ಜ್ವರಕ್ಕೇ ಹೆದರದೆ ದಿನವೂ ಮಂಚದ ಸುತ್ತ ಕೂತು ಸಲಹೆ ಕೊಟ್ಟಿದ್ದ ಪಕ್ಕದ ಮನೆಯವರು ಕಾಲನ್ನು ಬಿಡುತ್ತಾರೆಯೇ?

"ಉಳುಕು ಕಣ್ಲಾ ಇದು!" ಎಂದು ಎಡಮನೆಯ ಚಿಕ್ಕರಂಗಯ್ಯ ಎಮ್ಮೆಯ ಹಾಲು ಕರೆಯುವವನಂತೆ ಕಾಲನ್ನು ಜಗ್ಗತೊಡಗಿದ.

"ಎಳೀಬ್ಯಾಡ ಬುಡ್ಲಾ, ವಾಯು ಅದು. ಮರಳು ಕಾಯ್ಸಿ ಶಾಖ ಕೊಡಾನ," ಎಂದ ಬಲಮನೆಯ ಸಣ್ಣತಿಮ್ಮಯ್ಯ.

ಅಷ್ಟರಲ್ಲಿ ಹೆಂಡತಿ ವಿಮಲಮ್ಮ ತಿಪಟೂರಿನ ಡಾಕ್ಟರಿಗೆ ಫೋನು ಮಾಡಿದ್ದಳು. "ಉಜ್ಜಬೇಡಿ, ಕಾಯಿಸಬೇಡಿ," ಎಂದು ಡಾಕ್ಟರು ಗಾಬರಿಯಿಂದ ಹೇಳಿದರು. "ಈ ವೈರಸ್ಸು ಬಂದವರಿಗೆ ಕೆಲವು ಸಲ ರಕ್ತ ಹೆಪ್ಪುಗಟ್ಟಿ ಕಾಲಿನ ರಕ್ತನಾಳ ಕಟ್ಟಿಕೊಳ್ಳುತ್ತೆ. ಈಗಲೇ ತುಮಕೂರಿಗೆ ಹೊರಡಿ. ತಡವಾದ್ರೆ ಕಾಲೇ ಹೋದೀತು."

ಊರಿನ ಬಾಡಿಗೆ ಗಾಡಿಯ ಫೈಸಲ್ ತನ್ನ ಓಮ್ನಿ ವ್ಯಾನು ತಂದ. ಕರೆಯದಿದ್ದರೂ ನೆರೆಯವರಿಬ್ಬರೂ ಹತ್ತಿ ಕೂತರು.

"ಗುಬ್ಬೀಲಿ ಒಬ್ಬ ನಾಟಿ ವೈದ್ಯ ಅವ್ನೆ, ಒಸಿ ನಿಲ್ಸಪ್ಪ," ಎಂದ ಚಿಕ್ಕರಂಗಯ್ಯ.

"ನಿಲ್ಸಿದ್ರೆ ನಿಮ್ಮಿಬ್ರನ್ನೂ ಅಲ್ಲೇ ಬುಟ್ಟು ಹೋಯ್ತೀವಿ!" ವಿಮಲಮ್ಮ ಗುಡುಗಿದಳು. ಫೈಸಲ್ ಆಕ್ಸಿಲರೇಟರ್ ಒತ್ತಿದ. ತೋಂಟದಾರ್ಯ ತನ್ನ ಹೆಬ್ಬೆರಳು ಮುಟ್ಟಿ ನೋಡಿಕೊಂಡ. ಅದು ಬೇರೆ ಯಾರದೋ ಬೆರಳಿನಂತಿತ್ತು. ಅವನಿಗೆ ಅಳು ಬಂತು. ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ತುಮಕೂರಿನ ಸರ್ಜನ್ ತಡ ಮಾಡಲಿಲ್ಲ. ರಕ್ತ ತೆಳುವಾಗುವ ಇಂಜೆಕ್ಷನ್ ಕೊಟ್ಟು, ತೊಡೆಸಂದಿಯಲ್ಲಿ ಸಣ್ಣಗೆ ಕೊಯ್ದು, ತುದಿಗೆ ಪುಟ್ಟ ಬಲೂನಿದ್ದ ನಳಿಗೆಯನ್ನು ರಕ್ತನಾಳಕ್ಕೆ ತೂರಿಸಿ ಹೆಪ್ಪನ್ನು ಹೊರಗೆಳೆದರು. ಕಾಲಿಗೆ ಬಿಸಿ ಹರಿಯಿತು. ಹೆಬ್ಬೆರಳು ಅಲ್ಲಾಡಿದಾಗ ತೋಂಟದಾರ್ಯ ಆಗತಾನೇ ಹುಟ್ಟಿದ ಮಗುವನ್ನು ನೋಡಿದಂತೆ ಅದನ್ನೇ ನೋಡಿದ.

"ಕಾಲು ಉಳೀತು. ಇನ್ನು ವಿಶ್ರಾಂತಿ ತಗೊಳ್ಳಿ. ಇದು ಕೋವಿಡ್ ವಾರ್ಡು, ಹೊರಗಿನವರು ಯಾರನ್ನೂ ಬಿಡಲ್ಲ," ಎಂದರು ಸರ್ಜನ್.

ಯಾರೂ ಬರುವುದಿಲ್ಲ! ಎಷ್ಟೋ ದಿನದ ಮೇಲೆ ತೋಂಟದಾರ್ಯ ನೆಮ್ಮದಿಯಿಂದ ಕಣ್ಣು ಮುಚ್ಚಿದ.

ಸಂಜೆ ಮಂಚ ತಳ್ಳುವ ಸದ್ದಿಗೆ ಎಚ್ಚರವಾಯಿತು. ಎಡಕ್ಕೊಂದು, ಬಲಕ್ಕೊಂದು ಹೊಸ ಮಂಚ.

"ನಿಮ್ಮ ಜೊತೆ ಬಂದೋರ್ಗೆಲ್ಲ ಟೆಸ್ಟ್ ಮಾಡಿದ್ವಿ," ಎಂದಳು ನರ್ಸ್. "ನಿಮ್ಮನೆಯೋರ್ಗೆ ನೆಗೆಟಿವ್, ಅವ್ರು ಒಳಗ್ ಬರಂಗಿಲ್ಲ. ಇವರಿಬ್ಬರ್ಗೂ ಪಾಸಿಟಿವ್."

ಎಡಮಂಚದಿಂದ ಒಂದು ಕೈ ಚಾಚಿ ಅವನ ಹೊದಿಕೆಯೊಳಗೆ ತೂರಿ ಕಾಲನ್ನು ತಡವಿತು.

"ಅಯ್ಯೋ, ಸುಡ್ತಾ ಐತಲ್ಲೋ!" ಚಿಕ್ಕರಂಗಯ್ಯ ಬಲಮಂಚದತ್ತ ಕೂಗಿದ. "ತಿಮ್ಮಯ್ಯ, ಇದು ಉಷ್ಣ ಕಣ್ಲಾ!"