ಮಾವನ ಬೋಣಿ

ನಮ್ಮ ಸೋದರಮಾವನ ಎದುರು ‘ನನಗೆ ಕೆಲಸವಿಲ್ಲ’ ಎಂದು ಅಪ್ಪಿತಪ್ಪಿಯೂ ಬಾಯಿಬಿಡಬೇಡಿ. ಬಿಟ್ಟಿರೋ, ಸಂಜೆಯೊಳಗೆ ನೀವೊಂದು ಅಂಗಡಿಯ ಮಾಲೀಕರು! ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹುಡುಗ ಹುಡುಗಿಯರಿಗೆ ಉದ್ಯೋಗ ಕಲ್ಪಿಸುವುದಕ್ಕಾಗಿ ತಮಗಿದ್ದ ಉದ್ಯೋಗವನ್ನೇ ಬಿಟ್ಟ ಮಹಾನುಭಾವರು ಅವರು. ಈ ತರ್ಕ ನಿಮಗೆ ಅರ್ಥವಾಯಿತೇ? ನನಗೂ ಆಗಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಸುಮ್ಮನಿರಲಾದೀತೇ? “ಮಾವ, ನೌಕರಿ ಕೇಳಿದವರಿಗೆ ನೀವೇ ಮಾಲೀಕರಾಗಿ ಅನ್ನೋದು, ಹಸಿದು ಬಂದವರ ಕೈಗೆ ಸೌಟು ಕೊಟ್ಟ ಹಾಗಲ್ಲವಾ?” ಎಂದೆ.

“ಸರಿ ಕಣಮ್ಮಿ, ನೀನು ಅನ್ನ ತರೋಗಂಟ ಅವ್ರೇ ಬೇಯಿಸ್ಕೊಂಡು ಉಣ್ಲಿ ಬುಡು” ಎಂದರು. ತೀರ್ಪುಗಾರರಿಲ್ಲದ ಚರ್ಚೆಯಲ್ಲಿ ಹೀಗೆಲ್ಲ ಆಗುತ್ತದೆ.

ಮಾವನಿಗೊಂದು ವ್ರತವಿದೆ. ತಾವು ತೆರೆಸಿದ ಪ್ರತಿ ಅಂಗಡಿಗೂ ಮೊದಲ ಗಿರಾಕಿ ತಾವೇ ಆಗಬೇಕು. ಬೋಣಿ ಅವರದೇ! ಉಮ್ಮತ್ತೂರಿನ ಹುಡುಗರು ಮದುವೆಯ ಕಾರುಗಳಿಗೆ ಹೂವಿನ ಅಲಂಕಾರ ಮಾಡುವ ಅಂಗಡಿ ಇಟ್ಟರು. ಮಾವನಿಗೆ ಕಾರಿಲ್ಲ, ಮದುವೆಯೂ ಆಗಿಲ್ಲ. ಸ್ಕೂಟರಿಗೇ ಚೆಂಡುಹೂ ಸುತ್ತಿಸಿಕೊಂಡು, ಅಲ್ಲಿಂದ ನೇರ ನೆಂಟರ ಮನೆಯ ತಿಥಿಗೆ ಬಂದಿಳಿದರು. ಅಳುತ್ತಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡು, “ಎಣ್ಣು ಯಾವೂರ್ದ್ಲಾ?” ಎಂದು ವಿಚಾರಿಸಿದರು!

ಇನ್ನು ಸಂತೆಮರಹಳ್ಳಿಯ ಪಂಕ್ಚರ್ ಅಂಗಡಿ. ಬೋಣಿ ಮಾಡಬೇಕಾದರೆ ಮೊದಲು ಪಂಕ್ಚರ್ ಆಗಬೇಕಲ್ಲ? ಮರೆಯಲ್ಲಿ ನಿಂತು ಮಾವ ತಮ್ಮ ಟೈರಿಗೆ ತಾವೇ ಮೊಳೆ ಹೊಡೆದುಕೊಂಡರು. ಅಂಗಡಿಯವನು ಚಕ್ರ ತಿರುಗಿಸಿ ನೋಡಿ, “ಟೈರೇ ಓಗ್ಬುಟ್ಟದೆ ಸಾ, ಒಸದೇ ಆಕ್ಬುಡನ” ಎಂದ. ಮಾವ ಹಿಗ್ಗಿಹೋದರು. “ನೋಡ್ದಾ? ಒಂದೇ ದಿನುಕ್ಕೆ ವ್ಯಾಪಾರ ಕಲ್ತ್‌ಬುಟ್ಟ!”

“ಇದು ಕೃತಕ ಬೇಡಿಕೆ ಮಾವ. ನೀವು ಎದ್ದುಹೋದ ಮೇಲೆ ಯಾರು ಬರ್ತಾರೆ?”

“ಬಾ, ನೀನೇ ನೋಡೀವಂತೆ” ಎಂದು ಗೌರಿಹಬ್ಬದ ವಾರ ನನ್ನನ್ನು ಗುಂಡ್ಲುಪೇಟೆಗೆ ಕರೆದೊಯ್ದರು.

ತಿರುಪ್ಪೂರಿನ ಗಾರ್ಮೆಂಟ್ಸ್ ಬಿಟ್ಟುಬಂದ ಭೀಮನಬೀಡಿನ ಹುಡುಗಿಯೊಬ್ಬಳು ಅಂದು ಅಲ್ಲಿ ಬ್ಯೂಟಿಪಾರ್ಲರ್ ತೆರೆದಿದ್ದಳು. ಹಬ್ಬದ ವಾರದಲ್ಲೂ ಗಿರಾಕಿ ಬಾರದಿದ್ದರೆ ಮತ್ತೆ ತಿರುಪ್ಪೂರಿನ ಬಸ್ಸೇ ಗತಿ ಎಂದು ಅವಳ ಅಣ್ಣ ಹೇಳಿಬಿಟ್ಟಿದ್ದ. ಬಾಗಿಲಾಚೆ ನಾಲ್ಕೈದು ಹೆಂಗಸರು ಇಣುಕುತ್ತಿದ್ದರು, ಒಳಗೆ ಬರುವವರಿಲ್ಲ. ಮಾವ ಹೋಗಿ ಕನ್ನಡಿಯೆದುರು ಕೂತರು.

“ಮೊದ್ಲು ನನ್ ಉಬ್ಬು ತಿದ್ದು ಕಣಮ್ಮಿ.”

“ನಿಮ್ದಾ ಸಾ?”

“ಯಾಕವ್ವಾ, ನಂಗಿಲ್ವಾ ಉಬ್ಬು?”

ಹೊರಗೆ ಗೊಳ್ಳೆಂದು ನಗು. ಹುಡುಗಿ ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ ಹಿಡಿದಳು. ಒಂದೊಂದು ಎಳೆತಕ್ಕೂ ಮಾವನ ಕಣ್ಣಲ್ಲಿ ನೀರು. ಕೊನೆಗೆ ಆ ದಪ್ಪ ಮೀಸೆಯ ಮೇಲೆ ಎರಡು ಕಾಮನಬಿಲ್ಲು!

ನಗು ಮುಗಿಯಿತು. ಯಾರೂ ಒಳಗೆ ಬರಲಿಲ್ಲ. ನನ್ನ ವಾದವೇ ಗೆದ್ದಿತ್ತು.

“ಆಯ್ತಲ್ಲ ಮಾವ, ಏಳಿ” ಎಂದೆ.

ಮಾವ ಏಳಲಿಲ್ಲ. ಕೆಂಪಗೆ ಊದಿದ ಹುಬ್ಬಿನಡಿಯಿಂದ ನೋಡಿ, ಹುಡುಗಿಗೆ ಕೇಳಿಸದಂತೆ, “ಎದ್ರೆ ಕುರ್ಚಿ ಖಾಲಿಯಾಯ್ತದೆ ಕಣಮ್ಮಿ. ಮೊದಲ್ನೇ ದಿನವೇ ಖಾಲಿ ಕುರ್ಚಿ ಪಕ್ಕ ನಿಂತ್ಕಳದು ಬಾಳ ಕಷ್ಟ” ಎಂದರು. ಆಮೇಲೆ ಜೋರಾಗಿ, “ಎಡಗಡೇದು ಇನ್ನೊಸಿ ತೆಳ್ಳಗೆ ಮಾಡವ್ವಾ!”

ಹುಡುಗಿ ಮತ್ತೆ ದಾರ ಕಚ್ಚಿಕೊಂಡಳು. ತೆಳ್ಳಗಾಗಲು ಅಲ್ಲಿ ಇನ್ನೇನು ಉಳಿದಿತ್ತು?

ನಾನು ಮಾವನ ತೋಳು ಹಿಡಿದು ಎಬ್ಬಿಸಿದೆ. ಕುರ್ಚಿಯ ಬಿಸಿ ಆರುವ ಮುಂಚೆಯೇ ನಾನೇ ಕೂತೆ. ಕನ್ನಡಿಯಲ್ಲಿ ನೋಡಿದರೆ, ಬಾಗಿಲಾಚೆ ಒಬ್ಬ ಹೆಂಗಸು ಚಪ್ಪಲಿ ಬಿಡುತ್ತಿದ್ದಳು.