ಹುಳುಮನೆಗೆ ನುಗ್ಗಿದ ವಿಮಾನ

ಶಿಡ್ಲಘಟ್ಟದ ಕಾಲೇಜಿನಲ್ಲಿ ವಿಮಾನ ಕೆಡೆಟ್‌ಗಳನ್ನು ತಯಾರು ಮಾಡುವ ಮೇಷ್ಟ್ರು ನಾನು. ನಮ್ಮಲ್ಲಿ ವಿಮಾನವೂ ಇಲ್ಲ, ರನ್‌ವೇಯೂ ಇಲ್ಲ. ಹೀಗಿದ್ದ ಮೇಲೆ ಇಂಥ ಪ್ರಸಂಗಗಳು ನಡೆಯದೆ ಇನ್ನೇನು ನಡೆಯಬೇಕು?

ಚರಿತ್ರೆ ಪಾಠ

ಹೊಸಬರಿಗೆ ಮೊದಲ ದಿನ ನಮ್ಮ ಕೆಡೆಟ್ ದಳದ ಚರಿತ್ರೆ ಹೇಳುತ್ತೇನೆ. ಯುದ್ಧಕಾಲದಲ್ಲಿ ಪೈಲಟ್‌ಗಳು ಸಾಲದೆ ಇಂಥ ದಳಗಳು ಹುಟ್ಟಿದವು. ಈಗಿನ ಗುರಿ ಯುದ್ಧವಲ್ಲ, ಶಿಸ್ತು, ಧೈರ್ಯ, ಜವಾಬ್ದಾರಿ. ಅನುಮಾನವಿದ್ದರೆ ಕೇಳಿ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು.

"ಸರ್, ನೀವು ಯಾವತ್ತಾದ್ರೂ ಹಾರಿದ್ದೀರಾ?"

ಸ್ಕಂದಗಿರಿ ಬೆಟ್ಟವನ್ನು ಅರ್ಧ ಹತ್ತಿ, ತಲೆ ತಿರುಗಿ ಇಳಿದವನು ನಾನು. ಎಲ್ಲರನ್ನೂ ಪೆರೇಡಿಗೆ ಕಳಿಸಿದೆ.

ಇಳಿದ ಜಾಗ

ಅದೇ ಹುಡುಗಿ ಹಗುರ ಮರದಲ್ಲಿ ಪುಟ್ಟ ವಿಮಾನ ಮಾಡಿದಳು. ಅವಳ ಊರಿನ ಬಯಲಲ್ಲಿ ಹಾರಿಸಿದೆವು. ಗಾಳಿ ತಿರುಗಿ, ಅದು ಸೀದಾ ಅವಳ ಅಜ್ಜಿಯ ರೇಷ್ಮೆ ಹುಳುಮನೆಗೆ ನುಗ್ಗಿತು. ಹೊರಗಿನವರು ಅಲ್ಲಿಗೆ ಕಾಲಿಡುವಂತಿಲ್ಲ. ಸೋಂಕು ತಗುಲಿದರೆ ಬೆಳೆಯೇ ಹೋಯಿತು. ಓಡಿಹೋದ ನನ್ನ ಬೂಟು ಬಿಚ್ಚಿಸಿ, ಅಜ್ಜಿ ಬ್ಲೀಚಿಂಗ್ ಪೌಡರಿನ ನೀರಲ್ಲಿ ಕಾಲು ತೊಳೆಸಿದರು. ಆಮೇಲೆ ವಿಮಾನವನ್ನು ತಾವೇ ತಂದು ಅದರ ಚಕ್ರಗಳನ್ನೂ ತೊಳೆದರು. ನನ್ನನ್ನು ಒಳಗೆ ಬಿಡಲೇ ಇಲ್ಲ. ಹಾಗಾದರೆ ಕಾಲು ಯಾಕೆ ತೊಳೆಸಿದಿರಿ ಎಂದೆ.

"ಬಾಗ್ಲತ್ರ ನಿಂತಿದ್ದೀಯಲ್ಲಪ್ಪ."

ಅಪ್ಪಣೆ

ಕೆಡೆಟ್‌ಗಳ ಶಿಬಿರದಲ್ಲಿ ನಿಜವಾದ ಸಣ್ಣ ವಿಮಾನದಲ್ಲಿ, ಪೈಲಟ್ ಪಕ್ಕ ಕೂತು ಹಾರುವ ಅವಕಾಶ ಆ ಹುಡುಗಿಗೆ ಸಿಕ್ಕಿತು. ಆದರೆ ಆ ಮನೆಯಲ್ಲಿ ಅಜ್ಜಿಯದೇ ಕೊನೇ ಮಾತು. ಜಗುಲಿಯಲ್ಲಿ ಕೂತು ಶಿಸ್ತು, ಧೈರ್ಯ, ಜವಾಬ್ದಾರಿ ಎಂದು ನನ್ನ ಪಾಠ ಒಪ್ಪಿಸಿದೆ. ಅಜ್ಜಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ಇದ್ದರು. ಹುಡುಗಿ ಕಂಬ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ವರ್ಷಗಟ್ಟಲೆ ದಳದ ಗುರಿ ಗುರಿ ಎಂದು ನಾನು ಬಡಕೊಂಡದ್ದೆಲ್ಲ ಈ ಒಂದು ಹುಡುಗಿ ಮೇಲಕ್ಕೆ ಹೋಗುವುದರಲ್ಲಿತ್ತು.

ಅಜ್ಜಿ ಕುಡುಗೋಲು ಕೆಳಗಿಟ್ಟರು.

"ನಮ್ ಹುಳಕ್ಕೆ ರೆಕ್ಕೆ ಬರೋಕ್ ಮುಂಚೇನೇ ಗೂಡು ಮಾರ್ಬಿಡ್ತೀವಿ. ಇವ್ಳಾದ್ರೂ ಹಾರ್ಲಿ."

ಹುಡುಗಿ ಕಂಬ ಬಿಟ್ಟು ಅಜ್ಜಿಯನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿ ಬಂತು. ಅಜ್ಜಿ ಅವಳ ತಲೆ ಸವರುತ್ತಾ ನನ್ನ ಕಡೆ ತಿರುಗಿದರು.

"ಆದ್ರೆ ಮೊದ್ಲು ನೀನು ಹತ್ತಿ, ಇಳ್ದು, ಕಾಲು ತೊಳ್ಕೊಂಡು ಬಾಪ್ಪ. ನೋಡಿ ಕಳಿಸ್ತೀನಿ."

ಈಗ ಆ ಕಂಬವನ್ನು ಹಿಡಿದುಕೊಂಡದ್ದು ನಾನು.