ಹನ್ನೊಂದು ಗಿಟಾರು, ನಾಲ್ಕು ಜನ

ವೀಣೆ ಹೊತ್ತುಕೊಂಡು ಬೀದಿಯಲ್ಲಿ ಹೋದರೆ ಜನ ದಾರಿ ಬಿಡುತ್ತಾರೆ. ಗಿಟಾರು ಹೊತ್ತುಕೊಂಡು ಹೋದರೆ ಹಿಂದೆಯೇ ಬರುತ್ತಾರೆ. ಹಾಗಾಗಿ ಗಿಟಾರು ಇಟ್ಟುಕೊಂಡವರ ಬದುಕಿನಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಹೇಳುತ್ತಿರುವುದು ಸ್ವಾತಂತ್ರ್ಯ ಬಂದ ಮೇಲಿನ ಹತ್ತು ಹನ್ನೆರಡು ವರ್ಷಗಳ ಮಾತು. ಆಗ ಮೈಸೂರಿನಲ್ಲಿ ನಾವು ನಾಲ್ಕು ಜನ ಭಾನುವಾರ ಬೆಳಿಗ್ಗೆ ನಮ್ಮ ನಮ್ಮ ಗಿಟಾರು ತಂದು ಒಂದು ಕಡೆ ಸೇರುತ್ತಿದ್ದೆವು. ಲಕ್ಷ್ಮೀಪುರದ ಒಬ್ಬ ಡಾಕ್ಟರು, ಗೂಡ್ಸ್ ಗಾಡಿಯ ಒಬ್ಬ ಗಾರ್ಡು, ಮಂಡಿ ಮೊಹಲ್ಲಾದಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದ ಒಬ್ಬ ಆಚಾರಿ, ಮತ್ತೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು. ನುಡಿಸುತ್ತಿದ್ದದ್ದು ಕಮ್ಮಿ. ನೋಡುವುದು, ಮುಟ್ಟುವುದು, ಮೂಸುವುದು, ‘ಆಹಾ’ ಅನ್ನುವುದು, ಇದೇ ಜಾಸ್ತಿ.

1. ಬುರುಡೆ ಇಲ್ಲದ ವೀಣೆ

ಒಬ್ಬ ಇಂಗ್ಲಿಷ್ ದೊರೆ ಸೀಮೆಗೆ ವಾಪಸು ಹೋಗುತ್ತಾ ಬಂಗಲೆಯ ಸಾಮಾನು ಹರಾಜು ಹಾಕಿದ. ಅಮ್ಮನಿಗೆ ಮಂಡಿನೋವು, ಕೂರಲು ಒಂದು ಒಳ್ಳೆ ಕುರ್ಚಿ ತರೋಣ ಅಂತ ನಾನು ಹೋದೆ. ಕುರ್ಚಿಗಳ ಹಿಂದೆ ಗೋಡೆಗೆ ಒರಗಿಕೊಂಡು ಅದು ನಿಂತಿತ್ತು. ಕಿಟಕಿಯ ಬಿಸಿಲು ಅದರ ಹೊಟ್ಟೆಯ ಮೇಲೆ ಬಿದ್ದು ಮರ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಯಾರೂ ನೋಡದಿದ್ದಾಗ ಒಂದು ತಂತಿ ಮುಟ್ಟಿದೆ. ತಂತಿ ‘ಟಂಯ್’ ಅಂದಿತು, ಅದರ ಹಿಂದೆಯೇ ಇಡೀ ಖಾಲಿ ಬಂಗಲೆ ‘ಹೂಂ’ ಅಂದಿತು. ನನಗೆ ಮೈಯೆಲ್ಲ ಜುಂ ಅಂತು. ಕುರ್ಚಿ ಮರೆತೇಹೋಯಿತು.

ಟಾಂಗಾ ಇಳಿದು ಮನೆಯೊಳಗೆ ಹೋದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

“ಕುರ್ಚಿ ಎಲ್ಲೋ?”

“ಅಮ್ಮ, ಇದು ಗಿಟಾರು.”

ಅಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. “ವೀಣೆ ಥರಾನೇ ಇದೆ. ಬುರುಡೆ ಎಲ್ಲಿ?”

“ಇದಕ್ಕೆ ಬುರುಡೆ ಇರಲ್ಲಮ್ಮ.”

“ಮುರಿದದ್ದನ್ನ ನಿನ್ನ ತಲೆಗೆ ಕಟ್ಟಿದಾನೆ ಕಣೋ. ಆಗಲಿ ಬುಡು, ಸರಸ್ವತಿ ಅಲ್ವಾ” ಅಂದಳು.

ನವರಾತ್ರಿಯಲ್ಲಿ ಪುಸ್ತಕಗಳ ಪಕ್ಕ ಅದನ್ನೂ ಪೂಜೆಗೆ ಇಟ್ಟಳು. ಅರಿಸಿನ ಕುಂಕುಮ ಹಚ್ಚಿ, ಕತ್ತಿಗೆ ಸೇವಂತಿಗೆ ಸರ ಹಾಕಿದಳು. ವಿಜಯದಶಮಿ ದಿನ “ಎಲ್ಲಿ, ನುಡಿಸು ನೋಡೋಣ” ಅಂದಳು. ನಾನು ಪಟ್ಟಿ ಹೆಗಲಿಗೆ ಹಾಕಿಕೊಂಡು, ದೊರೆಗಳ ಹಾಗೆ ನಿಂತು, ಬರುತ್ತಿದ್ದ ಒಂದೇ ಒಂದು ಹಾಡಿನ ಪಾಟು ನುಡಿಸಿದೆ. ಅಮ್ಮ ಕೈಯಲ್ಲಿದ್ದ ಮಂಗಳಾರತಿ ತಟ್ಟೆಯನ್ನು ಕೆಳಗಿಡದೆ, ಕಣ್ಣು ಮಿಟುಕಿಸದೆ ಕೇಳಿದಳು.

ಮುಗಿದ ಮೇಲೆ ಅಂದಳು: “ಬಹಳ ಚೆನ್ನಾಗಿದೆ ಕಣೋ. ಆದ್ರೆ ಸಾಕ್ಷಾತ್ ಸರಸ್ವತಿನೇ ಕೂತ್ಕೊಂಡು ನುಡಿಸ್ತಾಳೆ. ನೀನ್ಯಾಕೋ ಬಸ್ಸಿಗೆ ಹೊತ್ತಾದೋನ ಹಂಗೆ ನಿಂತ್ಕೊಂಡು ನುಡಿಸ್ತೀಯಾ?”

2. ಸೊಳ್ಳೆಪರದೆಯೊಳಗಿನ ರೋಗಿ

ಡಾಕ್ಟರ ಹತ್ತಿರ ಏಳು ಗಿಟಾರು ಇದ್ದವು. ಏಳು! ಮೊದಲ ಸಲ ನೋಡಿದಾಗ ನಾನು ಚಪ್ಪಲಿ ಬಿಟ್ಟಿದ್ದೇನೋ ಇಲ್ಲವೋ ಅಂತ ಕಾಲು ನೋಡಿಕೊಂಡೆ, ಅದು ಗರ್ಭಗುಡಿಯ ಹಾಗಿತ್ತು. ಒಂದಕ್ಕೆ ಸುತ್ತಲೂ ಮುತ್ತಿನ ಚಿಪ್ಪಿನ ಕೆತ್ತನೆ, ಒಂದಕ್ಕೆ ಹನ್ನೆರಡು ತಂತಿ, ಒಂದು ಎಷ್ಟು ಹಳೆಯದೆಂದರೆ ಅದರೊಳಗೆ ಬಗ್ಗಿ ಮೂಸಿದರೆ ಬೇರೆ ಯಾವುದೋ ದೇಶದ ವಾಸನೆ ಬರುತ್ತಿತ್ತು. ನಾವು ಸರದಿಯ ಮೇಲೆ ಮೂಸಿದೆವು.

“ಯಾವುದನ್ನ ಜಾಸ್ತಿ ನುಡಿಸ್ತೀರಿ ಡಾಕ್ಟ್ರೇ?” ಅಂತ ಕೇಳಿದೆ.

ಡಾಕ್ಟರು ನನ್ನನ್ನು ಕೊಲೆಗಾರನನ್ನು ನೋಡಿದ ಹಾಗೆ ನೋಡಿದರು. “ನುಡಿಸಿದ್ರೆ ಸವೆಯಲ್ವೇನ್ರೀ?”

ಚಳಿಗಾಲದಲ್ಲಿ ಆ ಹಳೆಯ ಗಿಟಾರಿನ ಮರ ಬಿರಿಯುತ್ತದೆ ಅನ್ನೋದು ಅವರ ಭಯ. ಅದಕ್ಕಾಗಿ ಅದನ್ನು ನಡುಮನೆಯ ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಸೊಳ್ಳೆಪರದೆ ಇಳಿಸಿಡುತ್ತಿದ್ದರು. ಡಾಕ್ಟರೂ ಅವರ ಹೆಂಡತಿಯೂ ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ನಾವೆಲ್ಲ ಅಲ್ಲಿದ್ದಾಗ ಊರಿಂದ ಡಾಕ್ಟರ ಮಾವ ಬಂದರು. ಗದ್ದೆ ಕೆಲಸ ಮಾಡಿ ಗಟ್ಟಿಯಾದ ಮನುಷ್ಯರು, ದನಿಯೂ ಹಾಗೆಯೇ. ಬಾಗಿಲಿಂದಲೇ “ಮಗಾ!” ಅಂತ ಕೂಗುತ್ತಾ ಬಂದವರು ಮಂಚ ನೋಡಿ ತಟ್ಟನೆ ನಿಂತುಬಿಟ್ಟರು. ಪರದೆ, ಕಂಬಳಿ, ಅದರೊಳಗೆ ಸಣ್ಣ ನಡುವಿನ ಒಂದು ಆಕಾರ. ಬಗಲಲ್ಲಿದ್ದ ಕುಂಬಳಕಾಯಿಯನ್ನು ಸದ್ದಿಲ್ಲದೆ ಮೂಲೆಯಲ್ಲಿಟ್ಟು, ತುದಿಗಾಲಲ್ಲಿ ನಡೆದು ಬಂದು ನಮ್ಮ ಪಕ್ಕ ಕೂತರು.

ಆಮೇಲೆ ಊಟ ಆಯಿತು, ಎಲೆಯಡಿಕೆ ಆಯಿತು, ಊರಿನ ಸಮಾಚಾರವೆಲ್ಲ ಆಯಿತು. ಎಲ್ಲ ಪಿಸುಮಾತಿನಲ್ಲೇ. ಅವರು ಪಿಸುಗುಟ್ಟುತ್ತಾರೆ ಅಂತ ನಾವೂ ಪಿಸುಗುಟ್ಟಿದೆವು. ಗಿಟಾರಿನ ಮೇಲೆ ಹಳ್ಳಿಯ ಹಿರಿಯರಿಗೆ ಇಷ್ಟು ಗೌರವ ಇದೆಯಲ್ಲ ಅಂತ ನನಗೆ ಆಶ್ಚರ್ಯವೋ ಆಶ್ಚರ್ಯ. ಡಾಕ್ಟರ ಕಣ್ಣಲ್ಲಂತೂ ನೀರು.

ಹೊರಡುವಾಗ ಮಾವ ಅಳಿಯನನ್ನು ಪಕ್ಕಕ್ಕೆ ಕರೆದು, ಮಂಚದ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದರು: “ನೀವು ಡಾಕ್ಟ್ರು, ನಾನೇಳೋದೇನಿದೆ. ಆದ್ರೂ ನಿಮ್ಮಮ್ಮ ಭಾಳ ಸೊರಗಿಬುಟ್ಟವ್ರೆ. ದಿನಾ ಒಂದು ಎಳನೀರು ಕೊಡಿ.”

3. ಕೂತರೂ ಮುರಿಯಲ್ಲ

ಆಚಾರಿ ನಮ್ಮ ಕೂಟಕ್ಕೆ ಬಂದದ್ದು ನನ್ನ ಗಿಟಾರಿನ ಒಂದು ಬಿರುಕಿನಿಂದ. ಅವನು ಮಂಚ, ಬಾಗಿಲು, ಗಾಡಿ ಚಕ್ರ ಮಾಡುವವನು. ಗಿಟಾರನ್ನು ಕೈಗೆ ಕೊಟ್ಟಾಗ ತೂಕ ಇಲ್ಲದ್ದು ನೋಡಿ ಬೆಚ್ಚಿಬಿದ್ದ. ರಂಧ್ರದೊಳಗೆ ಒಂದು ಕಣ್ಣಿಟ್ಟು ಬಹಳ ಹೊತ್ತು ನೋಡಿದ.

“ಒಳಗೇನೂ ಇಲ್ವಲ್ಲ ಸಾಮಿ?”

“ಇಲ್ಲ.”

“ಮತ್ತೆ ಸಬ್ದ ಎಲ್ಲಿಂದ ಬತ್ತದೆ?”

“ಆ ಏನೂ ಇಲ್ಲದ ಜಾಗದಿಂದಲೇ.”

ಆಚಾರಿ ಬೀಡಿ ಆರಿಸಿ ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮತ್ತೆ ರಂಧ್ರದೊಳಗೆ ಇಣುಕಿದ. ಬಿರುಕು ಮುಚ್ಚಿಕೊಟ್ಟ ಮೇಲೂ ಅವನಿಗೆ ಸಮಾಧಾನವಿಲ್ಲ. ಒಂದು ತಿಂಗಳಾದ ಮೇಲೆ ನಮ್ಮನ್ನು ಅಂಗಡಿಗೆ ಕರೆಸಿದ. ಹಲಸಿನ ಮರದಲ್ಲಿ ತಾನೇ ಒಂದು ಗಿಟಾರು ಮಾಡಿದ್ದ. ನೋಡಲು ಥೇಟು ಹಾಗೇ ಇದೆ. ಎತ್ತಲು ಹೋದೆ, ಬರಲಿಲ್ಲ. ಗಾರ್ಡರೂ ಒಂದು ಕೈ ಕೊಟ್ಟರು.

“ನಿಮ್ದು ಕಾಗ್ದದಂಗೆ ಐತೆ ಸಾಮಿ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಂಗೇ ಇರ್ತದೆ” ಅಂದವನೇ ಅದರ ಮೇಲೆ ಕೂತು ತೋರಿಸಿದ. ಡಾಕ್ಟರನ್ನೂ ಕೂರಿಸಿದ. ಏನೂ ಆಗಲಿಲ್ಲ. ತಂತಿ ಮೀಟಿದರೆ ಮಾತ್ರ ಒರಳುಕಲ್ಲಿಗೆ ಸೌದೆ ತಾಗಿದ ಸದ್ದು.

ಅವನ ಮುಖ ಸಣ್ಣದಾಯಿತು. ಮತ್ತೆ ಆರು ತಿಂಗಳು ಅವನು ಭಾನುವಾರ ಬರಲಿಲ್ಲ. ಆಮೇಲೆ ಮತ್ತೆ ನಮ್ಮನ್ನು ಅಂಗಡಿಗೆ ಕರೆಸಿದಾಗ ಕಂಕುಳಲ್ಲಿ ಪಂಚೆಯಲ್ಲಿ ಸುತ್ತಿದ ಏನೋ ಇತ್ತು. ಹಳೆಯ ಬೀಟೆ ಮಂಚದ ತಲೆಹಲಗೆಯನ್ನು ತೆಳ್ಳಗೆ ಸೀಳಿ ಹಿಂಬದಿ, ಬದಿಗಳನ್ನು ಮಾಡಿದ್ದ. ಮುಂಬದಿಗೆ ಸೀಮೆಯಿಂದ ಸಾಮಾನು ತುಂಬಿಕೊಂಡು ಬಂದಿದ್ದ ಯಾವುದೋ ಪೆಟ್ಟಿಗೆಯ ದೇವದಾರು ಹಲಗೆ. ಅದರ ಮೇಲಿನ ಇಂಗ್ಲಿಷ್ ಅಕ್ಷರ ಕೂಡ ಪೂರ್ತಿ ಅಳಿಸಿರಲಿಲ್ಲ, ‘ದಿಸ್ ಸೈಡ್ ಅಪ್’ ಅಂತ ಓದಬಹುದಿತ್ತು.

ಗಾರ್ಡರು ಒಂದು ತಂತಿ ಮೀಟಿದರು. ಆ ನಾದ ಎದ್ದು, ತೊಲೆಗೆ ತಾಗಿ, ಇಳಿದು, ನಮ್ಮೆಲ್ಲರ ಎದೆ ಸವರಿಕೊಂಡು ಹೊರಗೆ ಹೋಯಿತು. ಎದುರು ಸಾಲಿನ ಮೆಣಸಿನಕಾಯಿ ಮಂಡಿಯವನು ತಕ್ಕಡಿ ಹಿಡಿದವನು ಹಾಗೇ ತಿರುಗಿ ನೋಡಿದ. ಆಚಾರಿ ಕಣ್ಣು ಮುಚ್ಚಿಕೊಂಡು ನಿಂತಿದ್ದ.

ಡಾಕ್ಟರು ಹತ್ತಿರದಿಂದ ನೋಡಲು ಒಂದು ಹೆಜ್ಜೆ ಮುಂದೆ ಇಟ್ಟರು. ಆಚಾರಿ ಗಾಬರಿಯಿಂದ ಅಡ್ಡ ಬಂದ. “ಬ್ಯಾಡಿ ಡಾಕ್ಟ್ರೇ! ಇದ್ರ ಮ್ಯಾಲೆ ಕೂರಬ್ಯಾಡಿ!”

4. ತಡವಾದದ್ದಕ್ಕೆ ಕಾರಣ

ಗಾರ್ಡರದು ತೊಡೆಯ ಮೇಲೆ ಅಂಗಾತ ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾ ನುಡಿಸುವ ಗಿಟಾರು. ಬಹಳ ದೂರದಿಂದ ಯಾರೋ ಹೆಸರು ಹಿಡಿದು ಕರೆಯುತ್ತಿರುವ ಹಾಗೆ ಅದರ ದನಿ. ಗೂಡ್ಸ್ ಗಾಡಿಯ ಕೊನೇ ಡಬ್ಬಿಯಲ್ಲಿ ಅವರು ಒಬ್ಬರೇ, ಹಾಗಾಗಿ ಅಭ್ಯಾಸವೆಲ್ಲ ಅಲ್ಲೇ. ಇದು ಅವರೇ ಹೇಳಿದ್ದು.

ನಂಜನಗೂಡಿನ ಲೈನಿನಲ್ಲಿ ಒಂದು ಮಧ್ಯಾಹ್ನ ಸಿಗ್ನಲ್ ಇಲ್ಲದೆ ಗಾಡಿ ಗದ್ದೆಗಳ ನಡುವೆ ನಿಂತಿತಂತೆ. ಇವರು ಗಿಟಾರು ತೆಗೆದರು. ನಾಟಿ ಮಾಡುತ್ತಿದ್ದ ಹೆಂಗಸರು ಕೈಯಲ್ಲಿ ಪೈರು ಹಿಡಿದುಕೊಂಡೇ ಬದುವಿನ ಮೇಲೆ ಬಂದು ನಿಂತರು. ಅಷ್ಟರಲ್ಲಿ ಸಿಗ್ನಲ್ ಬಿತ್ತು. ಡ್ರೈವರು ಸೀಟಿ ಹಾಕಿದ. ಇವರು ಹಸಿರು ಬಾವುಟ ತೋರಿಸಬೇಕು, ಎರಡೂ ಕೈ ಗಿಟಾರಿನ ಮೇಲೆ. ಈ ಒಂದು ಸಾಲು ಮುಗಿಸಿ ತೋರಿಸೋಣ ಅಂದುಕೊಂಡರು. ಆ ಸಾಲು ಮುಗಿದರೆ ಮುಂದಿನದು ಇನ್ನೂ ಚೆನ್ನಾಗಿತ್ತು.

ಡ್ರೈವರು ಬೈಯೋಣ ಅಂತ ಇಡೀ ಗಾಡಿಯ ಉದ್ದ ನಡೆದು ಬಂದ. “ಏನ್ ಗಾರ್ಡ್ ಸಾಹೇಬ್ರೇ” ಅಂತ ಬಾಯಿ ತೆಗೆದವನು, ಹಾಗೇ ಮುಚ್ಚಿಕೊಂಡು ಜಲ್ಲಿಯ ಮೇಲೆ ಕೂತ. ಡ್ರೈವರನ್ನು ಹುಡುಕಿಕೊಂಡು ಫೈರ್‌ಮನ್ ಬಂದ. ಅವನೂ ಕೂತ. ಕೊನೆಗೆ ಗಾಡಿ ಯಾಕೆ ಬರಲಿಲ್ಲ ಅಂತ ಮುಂದಿನ ಸ್ಟೇಷನ್ನಿನ ಮಾಸ್ಟರೇ ಕೊಡೆ ಹಿಡಿದುಕೊಂಡು ಹಳಿಯ ಮೇಲೆ ನಡೆದು ಬಂದರು. ಗಾರ್ಡರ ಕೈಯಿಂದ ಉಕ್ಕಿನ ತುಂಡು ಕೆಳಗೆ ಬಿತ್ತು. ಕೆಲಸ ಹೋಯಿತು ಅಂದುಕೊಂಡರು. ಮನೆಯಲ್ಲಿ ಮೂರು ಜನ ಮಕ್ಕಳು.

ಮಾಸ್ಟರು ಜೇಬಿಂದ ಪುಸ್ತಕ, ಪೆನ್ಸಿಲು ತೆಗೆದರು. “ಯಾಕ್ರೀ ನಿಲ್ಲಿಸಿದ್ರಿ?”

“ಸಾರ್, ಸಿಗ್ನಲ್ ಬಿದ್ದದ್ದು ನಾನು...”

“ಗಾಡಿ ಅಲ್ಲ ಕಣ್ರೀ, ಪಾಟು! ಪಾಟು ಯಾಕೆ ನಿಲ್ಲಿಸಿದ್ರಿ? ತಡವಾದದ್ದಕ್ಕೆ ಕಾರಣ ಬರೀಬೇಕು ನಾನು. ಸರಿಯಾಗಿ ಕೇಳದೆ ಏನಂತ ಬರೀಲಿ? ಮೊದಲಿಂದ ನುಡಿಸಿ.”

5. ವಿದ್ವಾಂಸರು ಬಂದ ಭಾನುವಾರ

ನಮ್ಮೂರಿನ ಒಬ್ಬ ದೊಡ್ಡ ವೀಣೆಯ ವಿದ್ವಾಂಸರು ಯಾರದೋ ಮನೆಯಲ್ಲಿ, “ಗಿಟಾರು ಅಂದ್ರೇನು, ಕಂಬಿ ಕಟ್ಟಿದ ಟಪಾಲು ಪೆಟ್ಟಿಗೆ” ಅಂದರಂತೆ. ಮಾತು ನಮ್ಮ ಕಿವಿಗೆ ಬಿತ್ತು. ಡಾಕ್ಟರು ಎರಡು ದಿನ ಊಟ ಬಿಟ್ಟರು. ಆಮೇಲೆ, ನಮ್ಮ ಹನ್ನೊಂದೂ ಗಿಟಾರನ್ನು ಒಟ್ಟಿಗೆ ಜೋಡಿಸಿಟ್ಟು ಊರಿಗೆ ತೋರಿಸೋಣ, ನಾವು ನಾಲ್ವರೂ ಕೂಡಿ ನುಡಿಸೋಣ, ವಿದ್ವಾಂಸರನ್ನೂ ಕರೆಯೋಣ ಅಂತ ತೀರ್ಮಾನವಾಯಿತು. ಅವರು ಬರುವುದಿಲ್ಲ ಅನ್ನೋ ಧೈರ್ಯದ ಮೇಲೆ ಕರೆದೆವು. ಮೂರು ತಿಂಗಳು ಒಂದೇ ಪಾಟನ್ನು ತಿದ್ದಿದೆವು.

ಒಂದು ಶಾಲೆಯ ಹಾಲಿನಲ್ಲಿ ಜಮಖಾನ ಹಾಸಿ ಜನ ಕೂತಿದ್ದರು. ಮೇಜಿನ ಮೇಲೆ ಗಿಟಾರುಗಳು, ಪ್ರತಿಯೊಂದರ ಮುಂದೆ ಒಂದೊಂದು ಹಿಡಿ ಮಲ್ಲಿಗೆ. ನಾನು ಪಟ್ಟಿ ಹಾಕಿಕೊಂಡು ಸಿದ್ಧನಾಗಿ ನಿಂತಿದ್ದೆ. ಆಗ ಜರತಾರಿ ಶಾಲು ಹೊದ್ದು ವಿದ್ವಾಂಸರು ಬಂದೇಬಿಟ್ಟರು.

ನೇರ ಮೇಜಿನ ಹತ್ತಿರ ಹೋದರು. ಒಂದೊಂದೇ ಗಿಟಾರನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಕೊಟ್ಟು ಕೇಳುತ್ತಾ ಬಂದರು. ಮುತ್ತಿನ ಚಿಪ್ಪಿನದನ್ನು ದಾಟಿದರು, ಹನ್ನೆರಡು ತಂತಿಯದನ್ನು ದಾಟಿದರು. ಪೆಟ್ಟಿಗೆ ಹಲಗೆಯದರ ಮುಂದೆ ನಿಂತರು. ಇನ್ನೊಮ್ಮೆ ತಟ್ಟಿದರು.

“ಇದು ಯಾರು ಮಾಡಿದ್ದು?”

ಆಚಾರಿ ಬಾಗಿಲ ಹತ್ತಿರ ನಿಂತಿದ್ದ. ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ. “ನಾನೇ ಬುದ್ಧಿ.”

“ಯಾರ ಹತ್ರ ಕಲಿತೆ?”

“ಮರದತ್ರಾನೇ ಬುದ್ಧಿ.”

ವಿದ್ವಾಂಸರು ಅದನ್ನು ಎತ್ತಿಕೊಂಡು ಕೆಳಗೆ ಕೂತರು. ವೀಣೆಯ ಹಾಗೆ ಮಡಿಲಲ್ಲಿಟ್ಟುಕೊಂಡು, ತಂತಿಗಳನ್ನೆಲ್ಲ ಬಿಚ್ಚಿ ಬಿಗಿದು ತಮ್ಮ ಶ್ರುತಿಗೆ ತಂದರು. ಕಣ್ಣು ಮುಚ್ಚಿದರು. ತಂತಿಯನ್ನು ಎಳೆದು ಒಂದು ಸ್ವರ ಹಿಡಿದರು, ತೋಡಿ ರಾಗದ ಗಾಂಧಾರ. ಅದು ಅಲುಗಿತು, ಬಾಗಿತು, ಗಾಳಿಗೆ ದೀಪ ಆಡಿದ ಹಾಗೆ ಆಡಿತು. ಮುಂದಿನ ಅರ್ಧ ಗಂಟೆ ಆ ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಉಸಿರಾಡಿದ್ದೂ ನೆನಪಿಲ್ಲ. ನಾವು ಇಷ್ಟು ವರ್ಷ ಮೂಸಿದ ಮರದೊಳಗೆ ಇದೆಲ್ಲ ಇತ್ತೇ ಅನ್ನಿಸಿತು. ಆಚಾರಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಮುಗಿಸಿ ಗಿಟಾರಿಗೆ ಕೈಮುಗಿದು, ಅದನ್ನು ಪಕ್ಕಕ್ಕಿಟ್ಟರು. “ನನ್ನ ಮಾತು ವಾಪಸು ತಗೊಂಡೆ. ಸರಿ, ಈಗ ನೀವು ನುಡಿಸಿ. ಕೇಳೋಕೇ ಅಂತ ಬಂದೆ ನಾನು.”

ಮೂರು ತಿಂಗಳು ತಿದ್ದಿದ ಪಾಟು ನಮ್ಮ ನಾಲ್ವರ ತಲೆಯಿಂದಲೂ ಒಟ್ಟಿಗೆ ಹಾರಿಹೋಯಿತು. ಆ ನಾದ ಇನ್ನೂ ಗಾಳಿಯಲ್ಲಿರುವಾಗ ಯಾರು ತಾನೇ ಕೈ ಎತ್ತುತ್ತಾರೆ?

ವಿದ್ವಾಂಸರು ಡಾಕ್ಟರ ಕಡೆ ನೋಡಿದರು. “ನಾನು ಡಾಕ್ಟರು ಸ್ವಾಮಿ, ಯಾರಿಗಾದ್ರೂ ತಲೆ ಸುತ್ತಿದ್ರೆ ಅಂತ ಬಂದಿದೀನಿ” ಅಂದರು.

ಗಾರ್ಡರ ಕಡೆ ನೋಡಿದರು. “ನನಗೆ ಗಾಡಿಗೆ ಹೊತ್ತಾಯ್ತು” ಅಂತ ಗಾರ್ಡರು ಎದ್ದೇಬಿಟ್ಟರು. ಅವತ್ತು ಅವರಿಗೆ ರಜ.

ಆಚಾರಿ ಟವಲಿನೊಳಗಿಂದ ಹೊರಗೆ ಬರಲೇ ಇಲ್ಲ.

ಕೊನೆಗೆ ನನ್ನ ಕಡೆ ತಿರುಗಿದರು. “ನೀನೇನಪ್ಪಾ?”

ನನ್ನ ಬಾಯಿಗೆ ಏನು ಬಂತೋ ಅದೇ ಹೇಳಿದೆ. “ನಾನು ಜಮಖಾನ ಮಡಿಸೋಕೆ ಬಂದೋನು ಸ್ವಾಮಿ.”

ವಿದ್ವಾಂಸರು ನನ್ನ ಕತ್ತಿನಲ್ಲಿ ನೇತಾಡುತ್ತಿದ್ದ ಗಿಟಾರನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. “ಹಾಗಾ? ಹಾಗಾದ್ರೆ ಅದನ್ನ ಇಳಿಸಿ ಮಡಿಸಪ್ಪಾ, ಬಗ್ಗಿದಾಗ ಅಡ್ಡ ಬರುತ್ತೆ” ಅಂದರು.

ನಾನು ಗಿಟಾರು ಇಳಿಸಿ, ಬಗ್ಗಿ, ಒಂದು ತುದಿಯಿಂದ ಮಡಿಸುತ್ತಾ ಬಂದೆ. ಜಮಖಾನದ ಮೇಲೆ ಇನ್ನೂ ಅರವತ್ತು ಜನ ಕೂತಿದ್ದರು.